ಬಳ್ಳಾರಿ ಜಾಲಿಯ ಕಾಯಿಯೂ ಟಗರುಮರಿಯ ಮಾಂಸವೂ

“ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದರೆ ನಮ್ಮ ವಿದ್ಯಾರ್ಥಿಗಳು ಅದರ ಒಳಾರ್ಥವನ್ನು ಚೆನ್ನಾಗಿಯೇ ಬರೆಯುತ್ತಾರೆ. ಹೊರಗಿನ ಅರ್ಥ ಎಷ್ಟರಮಟ್ಟಿಗೆ ನಿಜವೆಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಕನ್ನಡ ಉಪಾಧ್ಯಾಯರಿಗೆ ಕುರಿಯ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ನಮ್ಮ ಅನೇಕ ಮಕ್ಕಳ ಪುಸ್ತಕ, ಬಟ್ಟೆಗಳ ಹಣ ಮನೆಯ ಟಗರುಮರಿ ಮಾರಿದಾಗಲೇ ಬರುತ್ತದೆ. ಮಾಂಸ ತಿನ್ನದ ಮನೆಯವರೂ ಇದನ್ನು ಒಂದು ಲೆಕ್ಕದ ಪಾಠವೆಂದು ಓದಬಹುದು.

ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಬೊಮ್ಮನಹಾಳಿನ ಸೀಮೆಯಲ್ಲಿ ಒಂದು ಕಡೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು. ಇನ್ನೊಂದು ಕಡೆ, ಹಗರಿಯ ದಿಕ್ಕಿಗೆ, ದರ್ಗಾ ಹೊನ್ನೂರಿನ ಮರಳುದಿಬ್ಬಗಳು. ಮಳೆ ಕೈಕೊಟ್ಟ ವರ್ಷ ಶೇಂಗಾ ಹೋಗುತ್ತದೆ, ಅದರೊಡನೆ ಹೊಟ್ಟೂ ಹೋಗುತ್ತದೆ, ಹಿಂಡಿಯ ಬೆಲೆ ಏರುತ್ತದೆ. ಆಗ ಇನ್ನೂ ಮೈತುಂಬದ 15 ಕಿಲೋ ಮರಿಯನ್ನು ದಲ್ಲಾಳಿ ಕೇಳಿದ ಬೆಲೆಗೆ ಕೊಟ್ಟುಬಿಡುತ್ತೇವೆ. ಇನ್ನು ಮೂರು ತಿಂಗಳು ಅದನ್ನು ಕಟ್ಟಿ ಮೇಯಿಸಬೇಕಾದರೆ ಅಗ್ಗದ ಆಹಾರ ಬೇಕು.

ಅಂಥದೊಂದು ಆಹಾರ ನಮ್ಮ ಹೊಲದ ಬದುವಿನಲ್ಲಿಯೇ ಉದುರಿ ಬಿದ್ದಿದೆ. ಅದು ಬಳ್ಳಾರಿ ಜಾಲಿಯ ಕಾಯಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡದ್ದು. ಜಮೈಕಾದಿಂದ ಬೀಜ ತರಿಸಿ 1878ರ ಸುಮಾರಿಗೆ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ನೆಟ್ಟರು. ಸರ್ಕಾರ ಹಾಕಿಸಿದ ಗಿಡವೆಂಬ ನೆನಪು ‘ಸರ್ಕಾರು ತುಮ್ಮ’ ಎಂಬ ತೆಲುಗು ಹೆಸರಿನಲ್ಲಿ ಉಳಿದಿದೆ. ಎಲೆಯನ್ನು ಕುರಿ ಮೂಸಿ ಬಿಡುತ್ತದೆ. ಹಣ್ಣಾದ ಹಳದಿ ಕಾಯಿಯನ್ನು ಮಾತ್ರ ಹುಡುಕಿ ತಿನ್ನುತ್ತದೆ. ಕಾಯಿಯ ತಿರುಳಿನಲ್ಲಿ ಸಕ್ಕರೆಯ ಅಂಶ ಬಹಳ; ಪ್ರೋಟೀನು ನೂರಕ್ಕೆ ಸುಮಾರು 12. ಬೇರೆ ಮೇವು ಮುಗಿದ ಬೇಸಿಗೆಯಲ್ಲಿಯೇ ಇದು ಉದುರುವುದು ನಮ್ಮ ಪುಣ್ಯ.

ಆದರೆ ಇಡೀ ಕಾಯಿಯನ್ನು ಹಾಗೆಯೇ ತಿನ್ನಿಸಬಾರದು. ಗಟ್ಟಿ ಬೀಜಗಳು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬಿದ್ದು, ಆ ಗೊಬ್ಬರ ಹಾಕಿದ ಹೊಲದಲ್ಲೆಲ್ಲ ಮುಳ್ಳುಗಿಡ ಏಳುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಗಿರಣಿಯಲ್ಲಿ ಬೀಜಸಹಿತ ಪುಡಿಮಾಡಿಸಬೇಕು. ಹಸಿಯಿದ್ದರೆ ಸಕ್ಕರೆಯ ಅಂಟಿನಿಂದ ಗಿರಣಿ ಕಟ್ಟಿಕೊಳ್ಳುತ್ತದೆ. ಬಹುಕಾಲ ಈ ಕಾಯಿಯನ್ನೇ ತಿಂದ ದನ, ಮೇಕೆಗಳಲ್ಲಿ ದವಡೆಯ ನರಗಳು ಸೋತು ಮೆಲುಕು ಹಾಕಲಾರದೆ ಬಡವಾಗುವ ರೋಗವನ್ನು ಬ್ರೆಜಿಲ್ ದೇಶದಲ್ಲಿ ಕಂಡಿದ್ದಾರೆ. ದಾಣಿಯಲ್ಲಿ ಐದನೆಯ ಒಂದು ಪಾಲು ಸಾಕು.

ನೂರು ಕಿಲೋ ದಾಣಿ ಮಾಡುವ ಒಂದು ಬಗೆ ಹೀಗಿದೆ: ಜೋಳ ಇಲ್ಲವೆ ಮೆಕ್ಕೆಜೋಳದ ನುಚ್ಚು 35, ಜಾಲಿಕಾಯಿಯ ಪುಡಿ 20, ಶೇಂಗಾ ಹಿಂಡಿ 20, ಅಕ್ಕಿ ತೌಡು 22, ಖನಿಜ ಮಿಶ್ರಣ 2, ಉಪ್ಪು 1. ಇದರಲ್ಲಿ ಪ್ರೋಟೀನು ನೂರಕ್ಕೆ ಸುಮಾರು 16 ಬರುತ್ತದೆ. ಬೆಳೆಯುವ ಮರಿಗೆ ಅಷ್ಟು ಸಾಕು. ಮೊದಲು ದಿನಕ್ಕೆ 50 ಗ್ರಾಮಿನಿಂದ ಆರಂಭಿಸಿ, ಹತ್ತು ಹನ್ನೆರಡು ದಿನಗಳಲ್ಲಿ 250 ಗ್ರಾಮಿಗೆ ಏರಿಸಬೇಕು. ಜೊತೆಗೆ ಹೊಟ್ಟು, ಸೊಪ್ಪೆ ಇದ್ದೇ ಇರಬೇಕು. ಒಮ್ಮೆಲೇ ನುಚ್ಚು ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಮರಿ ಸಾಯುವುದುಂಟು. ಕರುಳುಬೇನೆಯ ಲಸಿಕೆಯನ್ನೂ ಮೊದಲೇ ಹಾಕಿಸಿರಬೇಕು.

ವಿದ್ಯಾರ್ಥಿಗಳೇ, ಈಗ ಲೆಕ್ಕ ಮಾಡಿರಿ. ಬರೀ ಮೇದ ಮರಿ ದಿನಕ್ಕೆ 50 ಗ್ರಾಂ, ದಾಣಿ ತಿಂದದ್ದು 100 ಗ್ರಾಂ ಬೆಳೆಯಿತೆಂದು ಇಟ್ಟುಕೊಂಡರೆ, 90 ದಿನಗಳಲ್ಲಿ ಹೆಚ್ಚಿಗೆ ಬಂದ ತೂಕ ನಾಲ್ಕೂವರೆ ಕಿಲೋ. ಖರ್ಚಾದ ದಾಣಿ ಸುಮಾರು 22 ಕಿಲೋ. ಈ ನಾಲ್ಕೂವರೆ ಕಿಲೋ ತೂಕದ ಬೆಲೆಗಿಂತ 22 ಕಿಲೋ ದಾಣಿಯ ಬೆಲೆ ಹೆಚ್ಚಾದರೆ ಆ ವರ್ಷ ಈ ಕೆಲಸವೇ ಬೇಡ. ಹಿಂಡಿಯೇ ಎಲ್ಲಕ್ಕಿಂತ ದುಬಾರಿಯಾದ ಕಾರಣ ಅದರ ಸ್ವಲ್ಪ ಪಾಲಿಗೆ ಸೂರ್ಯಕಾಂತಿ ಹಿಂಡಿ ಹಾಕಬಹುದು. ಸುಬಾಬುಲ್ ಸೊಪ್ಪೂ ಒಳ್ಳೆಯದೇ, ಆದರೆ ಮೇವಿನಲ್ಲಿ ಮೂರನೆಯ ಒಂದು ಪಾಲು ಮೀರಿದರೆ ಕುರಿಯ ಉಣ್ಣೆ ಉದುರುತ್ತದೆ. ಬೂಸ್ಟು ಹಿಡಿದ ಹಿಂಡಿ ಮಾತ್ರ ಎಷ್ಟು ಅಗ್ಗವಾದರೂ ಬೇಡವೇ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು. ಅಫ್ಲಾಟಾಕ್ಸಿನ್ ಎಂಬ ವಿಷದ ಪರಿಚಯ ಜಗತ್ತಿಗಾದದ್ದು ಆ ಸಾವಿನಿಂದಲೇ.

ಜಾಲಿಕಾಯಿ ತಿಂದ ಮರಿಯ ಮಾಂಸ ರುಚಿಗೆಡುವುದಿಲ್ಲವೇ ಎಂದು ಪೋಷಕರು ಕೇಳಬಹುದು. ಮಿತಿಯಲ್ಲಿದ್ದರೆ ಕೆಡುವುದಿಲ್ಲ. ಕುರಿಯ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದು, ಕಾಯಿಯ ಸಕ್ಕರೆಯನ್ನೂ ನುಚ್ಚಿನ ಪಿಷ್ಟವನ್ನೂ ಒಂದೇ ಬಗೆಯ ಆಮ್ಲಗಳಾಗಿ ಒಡೆಯುತ್ತವೆ. ಹಿಂಡಿಯ ಎಣ್ಣೆಯನ್ನೂ ಅವು ಗಟ್ಟಿ ಕೊಬ್ಬಾಗಿ ಮಾರ್ಪಡಿಸುವುದರಿಂದಲೇ ತಟ್ಟೆಯಲ್ಲಿ ಆರಿದ ಕುರಿಯ ಸಾರು ಬೇಗ ಹೆಪ್ಪುಗಟ್ಟುತ್ತದೆ. ಹಸಿರು ಸೊಪ್ಪಿನಲ್ಲಿರುವ ‘ಇ’ ಜೀವಸತ್ವ ಮಾಂಸದ ಕೆಂಪನ್ನು ಹೆಚ್ಚು ಹೊತ್ತು ಕಾಯುತ್ತದೆ. ಮೃದುತ್ವಕ್ಕೆ ಮುಖ್ಯವಾದದ್ದು ವಯಸ್ಸು. ಚೆನ್ನಾಗಿ ಮೇದು ಎಂಟು ಹತ್ತು ತಿಂಗಳಿಗೇ ತೂಕಕ್ಕೆ ಬಂದ ಮರಿಯ ಮಾಂಸ ಬೇಗ ಬೇಯುತ್ತದೆ. ಅರೆಹೊಟ್ಟೆಯಲ್ಲಿ ಎರಡು ವರ್ಷ ಅಲೆದು ಅದೇ ತೂಕ ಮುಟ್ಟಿದ್ದರದು ನಾರಾಗಿರುತ್ತದೆ. ತಳಿಯ ಪಾತ್ರವೂ ಇದೆ: ಮಂಡ್ಯ ಕಡೆಯ ಬಂಡೂರು ಕುರಿಯ ಮೈಕಟ್ಟು ನಮ್ಮ ಎತ್ತರದ ಕುರಿಗಳಿಗೆ ಬಾರದು.

ಇನ್ನು ಗಾದೆಯ ವಿಷಯ. ಮಾಂಸ ಬೆಳೆಯುವುದಕ್ಕಿಂತ ಅಷ್ಟೇ ತೂಕದ ಕೊಬ್ಬು ಬೆಳೆಯಲು ಬಹಳ ಹೆಚ್ಚು ಆಹಾರ ಬೇಕು. ಬೆನ್ನಮೂಳೆಯ ಮೇಲೆ ಬೆರಳೊತ್ತಿದಾಗ ಏಣು ಮೊನಚಾಗಿ ತಾಗದೆ, ಹುಡುಕಿದರೆ ಮಾತ್ರ ಸಿಕ್ಕುವಂತಿದ್ದರೆ ಮರಿ ಹದಕ್ಕೆ ಬಂದಿದೆ. ಅಲ್ಲಿಂದ ಮುಂದೆ ಕೊಬ್ಬಿದಷ್ಟೂ ಲಾಭ ದಾಣಿ ಮಾರುವವನಿಗೇ.

ಹೀಗೆ ಮೂರು ತಿಂಗಳು ಸಾಕಿದ್ದನ್ನು ಕಡೆಯ ಒಂದು ದಿನ ಹಾಳುಮಾಡಬಹುದು. ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವಿರುತ್ತದೆ. ಕೊಯ್ದ ನಂತರ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸವನ್ನು ಕಾಪಾಡುತ್ತದೆ. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ, ನೀರು ಮೇವು ಕಾಣಿಸದೆ, ಬೆದರಿಸಿ ಓಡಿಸಿದ ಮರಿಯಲ್ಲಿ ಆ ಸಂಗ್ರಹ ಮೊದಲೇ ಖಾಲಿಯಾಗಿರುತ್ತದೆ. ಅದರ ಮಾಂಸ ಕಪ್ಪಾಗಿ, ಅಂಟಾಗಿ, ಬೇಗ ಕೆಡುತ್ತದೆ. ಸಂತೆಗೆ ಹೊರಡುವ ಮುನ್ನ ನೀರು ಕುಡಿಸಿ, ಲಾರಿಯಲ್ಲಿ ಮರಿಗಳು ಮಲಗುವಷ್ಟು ಜಾಗ ಬಿಡಿರೆಂದು ಮನೆಯವರಿಗೆ ಹೇಳಿರಿ.