ಬಿರುಕು ಬಿಟ್ಟ ಹಲ್ಲು

ಮಾನವ ಶರೀರದಲ್ಲಿ ಅತ್ಯಂತ ಕಠಿಣವಾದ ವಸ್ತು ಯಾವುದು? ಎಲುಬು ಎಂದು ಹಲವರು ಉತ್ತರಿಸಬಹುದು. ಆದರೆ ಆ ಹಿರಿಮೆ ಸಲ್ಲುವುದು ಹಲ್ಲನ್ನು ಹೊದ್ದಿರುವ ಎನಾಮಲ್ ಪದರಕ್ಕೆ. ಅದರ ತೂಕದಲ್ಲಿ ಶೇಕಡಾ 95ರಷ್ಟು ಖನಿಜವೇ ಇದೆ. ಆದರೂ ಒಂದು ವಿಷಯದಲ್ಲಿ ಎಲುಬು ಹೆಚ್ಚು ಭಾಗ್ಯಶಾಲಿ. ಮುರಿದ ಎಲುಬು ಕಾಲಕ್ರಮದಲ್ಲಿ ಕೂಡಿಕೊಳ್ಳುತ್ತದೆ. ಬಿರುಕು ಬಿಟ್ಟ ಹಲ್ಲು ಕೂಡಿಕೊಳ್ಳದು. ಎಲುಬನ್ನು ಮತ್ತೆ ಕಟ್ಟುವ ಜೀವಕೋಶಗಳು ಎಲುಬಿನಲ್ಲಿಯೇ ಇವೆ. ಮೂಡಿಬಂದ ಹಲ್ಲಿನ ಎನಾಮಲಿನಲ್ಲಿ ಅಂತಹ ಕೋಶಗಳಿಲ್ಲ.

ಎನಾಮಲಿನ ಕೆಳಗೆ ಡೆಂಟಿನ್ ಎಂಬ, ಅದಕ್ಕಿಂತ ಮೃದುವಾದ ಪದರವಿದೆ. ಅದರ ಒಳಗೆ ನರಗಳಿಂದಲೂ ರಕ್ತನಾಳಗಳಿಂದಲೂ ಕೂಡಿದ ತಿರುಳಿದೆ. ಗಟ್ಟಿ ಅಡಕೆಯನ್ನು ಕಡಿಯುವುದು, ಅನ್ನದಲ್ಲಿ ಅಡಗಿದ ಕಲ್ಲು ಹಲ್ಲಿಗೆ ಸಿಕ್ಕುವುದು, ನಿದ್ರೆಯಲ್ಲಿ ಹಲ್ಲು ಮಸೆಯುವುದು ಇವೆಲ್ಲ ಬಿರುಕಿಗೆ ಕಾರಣಗಳಾಗಬಹುದು. ಹುಳುಕನ್ನು ತೆಗೆದು ದೊಡ್ಡದಾಗಿ ತುಂಬಿಸಿದ ಹಲ್ಲಿನ ಗೋಡೆಗಳು ತೆಳುವಾಗಿರುವುದರಿಂದ ಅದಕ್ಕೆ ಅಪಾಯ ಹೆಚ್ಚು.

ಬಿರುಕನ್ನು ಗುರುತಿಸುವುದು ಸುಲಭವಲ್ಲ. ಆಹಾರವನ್ನು ಅಗಿದು ಕಚ್ಚನ್ನು ಸಡಿಲಿಸಿದಾಗ ಚುಚ್ಚಿದಂತೆ ನೋವಾಗುತ್ತದೆ. ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ. ಮರುಕ್ಷಣವೇ ಎಲ್ಲವೂ ಶಾಂತವಾಗುತ್ತದೆ. 1964ರಲ್ಲಿ ಕ್ಯಾಮರನ್ ಎಂಬ ದಂತವೈದ್ಯರು ಈ ಲಕ್ಷಣಗಳಿಗೆ ‘ಬಿರುಕು ಹಲ್ಲಿನ ಲಕ್ಷಣಕೂಟ’ ಎಂಬ ಅರ್ಥದ ಹೆಸರನ್ನಿಟ್ಟರು. ಕ್ಷ-ಕಿರಣದ ಚಿತ್ರದಲ್ಲಿಯೂ ಬಿರುಕು ಅನೇಕ ವೇಳೆ ಕಾಣಿಸದು. ಆದುದರಿಂದ ವೈದ್ಯರು ಹಲ್ಲಿನ ಒಂದೊಂದು ಮೊನೆಯಿಂದಲೂ ಸಣ್ಣ ಸಾಧನವನ್ನು ಕಚ್ಚಿಸಿ ನೋಡುತ್ತಾರೆ. ಪ್ರಖರವಾದ ಬೆಳಕನ್ನು ಹಾಯಿಸುತ್ತಾರೆ. ಬೆಳಕು ಬಿರುಕಿನ ಬಳಿ ತಡೆದು ನಿಲ್ಲುತ್ತದೆ.

ಚಿಕಿತ್ಸೆಯು ಬಿರುಕಿನ ಆಳವನ್ನು ಅವಲಂಬಿಸಿದೆ. ಎನಾಮಲಿನಲ್ಲಿಯೇ ಉಳಿದ ಕೂದಲೆಳೆಯಂತಹ ಗೆರೆಗಳಿಗೆ ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಕಿಲ್ಲ. ಹಲ್ಲಿನ ಒಂದು ಮೊನೆ ಮಾತ್ರ ಮುರಿದಿದ್ದರೆ ಅದನ್ನು ತುಂಬಿಸಿ ಸರಿಪಡಿಸಬಹುದು. ಇಲ್ಲವೆ ಕ್ಯಾಪ್ ತೊಡಿಸಬಹುದು. ಬಿರುಕು ಡೆಂಟಿನಿಗೆ ಇಳಿದಿದ್ದರೆ ಕ್ಯಾಪ್ ಬೇಕಾಗುತ್ತದೆ. ಬಂಡಿಯ ಗಾಲಿಯನ್ನು ಕಬ್ಬಿಣದ ಪಟ್ಟಿ ಬಿಗಿದು ಹಿಡಿಯುವಂತೆ ಅದು ಹಲ್ಲಿನ ಭಾಗಗಳನ್ನು ಒಟ್ಟಾಗಿ ಹಿಡಿಯುತ್ತದೆ. ತಿರುಳಿಗೇ ಹಾನಿಯಾಗಿದ್ದರೆ ಮೊದಲು ಬೇರುನಾಳದ ಚಿಕಿತ್ಸೆ ನಡೆಸಿ, ಅನಂತರ ಕ್ಯಾಪ್ ತೊಡಿಸುತ್ತಾರೆ. ಹಲ್ಲು ಎರಡಾಗಿ ಸೀಳಿದ್ದರೆ, ಅಥವಾ ಬೇರೇ ಉದ್ದಕ್ಕೆ ಒಡೆದಿದ್ದರೆ, ಬಹುಮಟ್ಟಿಗೆ ಅದನ್ನು ಕೀಳುವುದೇ ಉಳಿದ ದಾರಿ.

ಫಲವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಬಿರುಕು ಮೇಲ್ಭಾಗದಲ್ಲಿರುವಾಗಲೇ ಚಿಕಿತ್ಸೆ ಪಡೆದ ಹಲ್ಲು ಅನೇಕ ವರ್ಷ ಬಾಳಬಲ್ಲದು. ಆದರೆ ಕ್ಯಾಪ್ ಬಿರುಕನ್ನು ಬೆಸೆಯುವುದಿಲ್ಲ, ಅದು ಹರಡದಂತೆ ತಡೆಯಲು ಯತ್ನಿಸುತ್ತದೆ. ಕೆಲವರಿಗೆ ಮುಂದೆ ಬೇರುನಾಳದ ಚಿಕಿತ್ಸೆಯೂ ಬೇಕಾಗುವುದುಂಟು. ಬಿರುಕು ಒಸಡಿನ ಕೆಳಗೆ ಬೇರಿನತ್ತ ಇಳಿದಷ್ಟೂ ಭರವಸೆ ಕುಗ್ಗುತ್ತದೆ.

ಇಲ್ಲಿ ಮನುಷ್ಯನನ್ನು ವಂಚಿಸುವುದು ನೋವಲ್ಲ, ನೋವಿನ ಬಿಡುವು. ನೋವು ನಿಂತಿತೆಂದರೆ ಹಲ್ಲು ವಾಸಿಯಾಯಿತೆಂದು ಜನರು ನಂಬುತ್ತಾರೆ. ಅಷ್ಟರಲ್ಲಿ ಪ್ರತಿಯೊಂದು ತುತ್ತೂ ಬಿರುಕನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತಿರಬಹುದು. ಇಂದು ಒಂದು ಕ್ಯಾಪಿನಿಂದ ಉಳಿಯಬಹುದಾದ ಹಲ್ಲನ್ನು ನಾಳೆ ಕೀಳಬೇಕಾಗಬಹುದು. ಅಡಕೆಯನ್ನು ಒಡೆಯಲು ಅಡಕತ್ತರಿ ಇದೆ. ಆ ಕೆಲಸವನ್ನು ಹಲ್ಲಿಗೆ ಹೊರಿಸದಿರುವುದೂ, ಮೊದಲ ನೋವಿನಲ್ಲಿಯೇ ದಂತವೈದ್ಯರನ್ನು ಕಾಣುವುದೂ ವಿವೇಕವೆನಿಸುತ್ತದೆ.