ಮೂರೇ ಬಿಡ್ ಯಾಕೆ? ನಮ್ಮೂರ ಯಾರ್ಡಿನ ಆನ್‌ಲೈನ್ ಹರಾಜಿನ ಲೆಕ್ಕ

ಐಪಿಎಲ್ ಹರಾಜಿನ ದಿನ ಹಾಸ್ಟೆಲ್ ಟಿವಿ ಮುಂದೆ ನಿಲ್ಲೋಕೂ ಜಾಗ ಇರಲ್ಲ. ಯಾವ ಆಟಗಾರ ಎಷ್ಟು ಕೋಟಿಗೆ ಹೋದ, ಯಾರನ್ನು ಯಾರೂ ಕೇಳಲೇ ಇಲ್ಲ, ಎಲ್ಲ ನಮಗೆ ಬಾಯಿಪಾಠ. ಆದರೆ ನಮ್ಮಲ್ಲಿ ಎಷ್ಟೋ ಜನರ ಕಾಲೇಜ್ ಫೀಸು ಬರುವುದು ಬೇರೆ ಒಂದು ಹರಾಜಿನಿಂದ. ಅದನ್ನು ಯಾವ ಟಿವಿಯೂ ತೋರಿಸುವುದಿಲ್ಲ.

ಸಂಘದಲ್ಲಿ ಶಿಕಾರಿಪುರ, ಸೊರಬ ಕಡೆಯವರು ನಾವು ನಾಲ್ಕೈದು ಜನ ಇದ್ದೇವೆ. ಎಲ್ಲರ ಮನೆಯಲ್ಲೂ ಮೆಕ್ಕೆಜೋಳ, ಭತ್ತ, ಅಡಿಕೆ, ಶುಂಠಿ ಇವುಗಳಲ್ಲಿ ಒಂದಲ್ಲ ಒಂದು ಬೆಳೆ ಇದ್ದೇ ಇದೆ. ಕಳೆದ ಸುಗ್ಗಿಯ ರಜೆಯಲ್ಲಿ ನಮ್ಮಲ್ಲೊಬ್ಬ ಅಪ್ಪನ ಜೊತೆ ಮೆಕ್ಕೆಜೋಳದ ಲೋಡ್ ಹಿಡಿದು ಯಾರ್ಡಿಗೆ ಹೋಗಿದ್ದ. ಯಾವ ಊರಿನ ಯಾರ್ಡು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಮಧ್ಯಾಹ್ನ ರೇಟು ಬಂತು. ಅವರ ಲಾಟಿಗೆ ಬಿದ್ದಿದ್ದು ಮೂರೇ ಬಿಡ್. ನಾಲ್ಕು ದಿನ ಟಾರ್ಪಾಲ್ ಮೇಲೆ ಹರವಿ ಒಣಗಿಸಿದ ಜೋಳಕ್ಕೂ ಪಕ್ಕದವರ ಹಸಿ ಜೋಳಕ್ಕೂ ಹೆಚ್ಚುಕಮ್ಮಿ ಒಂದೇ ರೇಟು. ವಾಪಸ್ ಬರುವಾಗ ಅಪ್ಪ ಕೇಳಿದರಂತೆ: "ಅಲ್ಲ ಮಾರಾಯ, ನೀನು ಕಂಪ್ಯೂಟರ್ ಓದ್ತಿದೀಯಲ್ಲ, ಹೇಳು ನೋಡಾಣ. ಆನ್‌ಲೈನ್ ಆದ್ರೆ ಎಲ್ಲಾ ಕಡೆಯಿಂದ ಕೇಳ್ತಾರೆ ಅಂದಿದ್ರು. ಮತ್ತೆ ಮೂರೇ ಜನ ಯಾಕೆ?"

ಅವನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಆಮೇಲೆ ಕೂತು ಓದಿಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಯಾರ್ಡಿನಲ್ಲಿ ನಡೆಯುವುದೇನು

ಕರ್ನಾಟಕದ ಎಪಿಎಂಸಿಗಳು ನಡೆಯುವುದು 1966ರ ಕಾಯ್ದೆಯ ಅಡಿಯಲ್ಲಿ. 2014ರಲ್ಲಿ ರಾಜ್ಯ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಇದನ್ನು ನಡೆಸಲು ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಬಳಗದ ಕಂಪನಿ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್, ಅಂದರೆ ರೆಮ್ಸ್, ಅನ್ನುವ ಸಂಸ್ಥೆ ಮಾಡಿಕೊಂಡವು. ಕೇಂದ್ರದ ಇ-ನಾಮ್ ಬಂದದ್ದು ಆಮೇಲೆ, 2016ರ ಏಪ್ರಿಲ್‌ನಲ್ಲಿ.

ಕ್ರಮ ಸರಳ. ಗೇಟಿನಲ್ಲಿ ಎಂಟ್ರಿ ಆಗುತ್ತದೆ, ಮಾಲಿಗೆ ಲಾಟ್ ನಂಬರ್ ಸಿಗುತ್ತದೆ. ದಲಾಲಿ ಮಂಡಿ ಮುಂದೆ ಚೀಲ ಇಳಿಯುತ್ತದೆ. ವರ್ತಕರು ಬಂದು ಮಾಲು ಹಿಡಿದು ನೋಡಿ, ಕಂಪ್ಯೂಟರ್‌ನಲ್ಲೋ ಮೊಬೈಲ್‌ನಲ್ಲೋ ತಮ್ಮ ರೇಟು ಹಾಕುತ್ತಾರೆ. ಟೈಮ್ ಮುಗಿದ ಮೇಲೆ ಅತಿ ಹೆಚ್ಚು ಹಾಕಿದವರ ಹೆಸರು ಬರುತ್ತದೆ. ರೈತ ಒಪ್ಪಿದರೆ ತೂಕ, ಒಪ್ಪದಿದ್ದರೆ ಇಲ್ಲ. ಒಂದೇ ಲೈಸೆನ್ಸ್ ಇಟ್ಟುಕೊಂಡು ವರ್ತಕ ರಾಜ್ಯದ ಬೇರೆ ಯಾರ್ಡಿನಲ್ಲೂ ಬಿಡ್ ಮಾಡಬಹುದು. ದಾವಣಗೆರೆಯವರು ಅಲ್ಲೇ ಕೂತು ಶಿಕಾರಿಪುರದ ಜೋಳ ಕೇಳಲಿ ಅನ್ನುವುದೇ ಇದರ ಆಸೆ.

ಟವೆಲ್ ಕೆಳಗಿನ ಬೆರಳು

ಐಪಿಎಲ್ ಹರಾಜು ಬಹಿರಂಗ. ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳುತ್ತದೆ, ಆತ ಏರಿಸುತ್ತಾನೆ. ಯಾರ್ಡಿನದು ಮುಚ್ಚಿದ ಬಿಡ್. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಹಾಗೇ. ಪಕ್ಕದವನು ಎಷ್ಟು ಹೇಳಿದ ಅಂತ ಯಾರಿಗೂ ಗೊತ್ತಾಗಲ್ಲ. ಗೆದ್ದವನು ತಾನು ಬರೆದ ರೇಟನ್ನೇ ಕೊಡಬೇಕು.

ಇದರಲ್ಲಿ ಲಾಭವೂ ಇದೆ. ಎಲ್ಲರ ಎದುರು ಕೂಗುವ ಹರಾಜಿನಲ್ಲಿ ವರ್ತಕರು ಕಣ್ಸನ್ನೆಯಲ್ಲೇ ಒಪ್ಪಂದ ಮಾಡಿಕೊಳ್ಳಬಹುದು, ಮುಚ್ಚಿದ ಬಿಡ್‌ನಲ್ಲಿ ಅದು ಕಷ್ಟ. ಆದರೆ ವರ್ತಕನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತದೆ. ಮಾಲು 2,300 ರೂಪಾಯಿ ಬಾಳುತ್ತದೆ ಅನಿಸಿದರೂ ಆತ 2,300 ಬರೆಯಲ್ಲ. ಬರೆದರೆ ಗೆದ್ದರೂ ಲಾಭ ಸೊನ್ನೆ. ಹಾಗಾಗಿ ಕಡಿಮೆ ಬರೆಯುತ್ತಾನೆ. ಎಷ್ಟು ಕಡಿಮೆ ಅನ್ನುವುದು ಎದುರಿಗೆ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಒಂದು ಪುಸ್ತಕದ ಉದಾಹರಣೆ ಮಾಡೋಣ. ಪ್ರತಿ ವರ್ತಕನ ಅಂದಾಜು ಕ್ವಿಂಟಾಲಿಗೆ 2,000ದಿಂದ 2,400 ರೂಪಾಯಿ ನಡುವೆ ಎಲ್ಲಿ ಬೇಕಾದರೂ ಸಮಾನ ಸಾಧ್ಯತೆಯಲ್ಲಿ ಬೀಳುತ್ತದೆ ಅಂದುಕೊಳ್ಳಿ. ಒಟ್ಟು n ವರ್ತಕರಿದ್ದರೆ ಜಾಣ ಬಿಡ್ ಹೀಗೆ: 2,000ದ ಮೇಲೆ ಎಷ್ಟು ಅಂದಾಜಿದೆಯೋ ಅದರ (n−1)/n ಭಾಗ. 2,300 ಅಂದಾಜಿರುವವನು ಇಬ್ಬರೇ ಇದ್ದರೆ 2,150 ಬರೆಯುತ್ತಾನೆ. ನಾಲ್ವರಿದ್ದರೆ 2,225. ಹತ್ತು ಜನರಿದ್ದರೆ 2,270. ಅದೇ ವರ್ತಕ, ಅದೇ ಜೋಳ. ಬದಲಾದದ್ದು ಎದುರಾಳಿಗಳ ಸಂಖ್ಯೆ ಮಾತ್ರ.

ಹಾಗಾದರೆ ಹರಾಜಿನ ರೀತಿಯನ್ನೇ ಬದಲಿಸಿಬಿಡೋಣ ಅನ್ನಬಹುದು. ಇಬೇ ತಾಣದಲ್ಲಿ ನಿಮ್ಮ ಗರಿಷ್ಠ ಬೆಲೆ ಹೇಳಿಟ್ಟರೆ ಸಾಕು, ಎರಡನೆಯವನನ್ನು ಮೀರಿಸಲು ಬೇಕಾದಷ್ಟೇ ಅದು ಏರಿಸುತ್ತಾ ಹೋಗುತ್ತದೆ. ಗೆದ್ದವನು ಎರಡನೆಯವನ ಬೆಲೆ ಕೊಟ್ಟರೆ ಸಾಕು ಅನ್ನುವ ಇಂಥ ಹರಾಜನ್ನು ವಿಲಿಯಂ ವಿಕ್ರಿ 1961ರಲ್ಲೇ ವಿಶ್ಲೇಷಿಸಿದ್ದರು, 1996ರಲ್ಲಿ ನೊಬೆಲ್ ಪಡೆದರು. ಆದರೆ ನಮ್ಮ ಉದಾಹರಣೆಯಂಥ ಸರಳ ಸ್ಥಿತಿಯಲ್ಲಿ ಎರಡೂ ರೀತಿಯಲ್ಲಿ ಮಾರುವವನಿಗೆ ಸರಾಸರಿ ಸಿಗುವುದು ಅಷ್ಟೇ. ಇಬೇಯಲ್ಲೂ ಕೊನೇ ಸೆಕೆಂಡಿಗೆ ಬಂದು ಬಿಡ್ ಹಾಕಿ ಹೊಡೆದುಕೊಂಡು ಹೋಗುವವರ ಕಾಟ ಇದ್ದೇ ಇದೆ. ಅಂದರೆ ಅಪ್ಪನ ಪ್ರಶ್ನೆಯೇ ಸರಿಯಾದ ಪ್ರಶ್ನೆ: ಮೂರೇ ಜನ ಯಾಕೆ?

ದೂರದವನು ಯಾಕೆ ಬರಲ್ಲ

ಉತ್ತರ ಇಂಟರ್‌ನೆಟ್ಟಿನಲ್ಲಿಲ್ಲ, ಚೀಲದಲ್ಲಿದೆ. ಮೆಕ್ಕೆಜೋಳದಲ್ಲಿ ತೇವಾಂಶ ಸುಮಾರು ಶೇ 14 ಇದ್ದರೆ ಕೂಡಿಡಲು ಅಡ್ಡಿಯಿಲ್ಲ. ದೂರದ ವರ್ತಕ ಶೇ 14 ಅಂದುಕೊಂಡು ಬಿಡ್ ಹಾಕಿದ, ಬಂದ ಮಾಲು ಶೇ 18 ಇತ್ತು ಅನ್ನಿ. 100 ಕೆಜಿಯಲ್ಲಿ ಒಣ ಪದಾರ್ಥ 82 ಕೆಜಿ. ಅದನ್ನು ಶೇ 14ಕ್ಕೆ ಒಣಗಿಸಿದರೆ ಉಳಿಯುವುದು 82 ÷ 0.86, ಅಂದರೆ 95.3 ಕೆಜಿ. ಸುಮಾರು 4.7 ಕೆಜಿ ಗಾಳಿಗೆ ಹೋಯಿತು. ಕ್ವಿಂಟಾಲಿಗೆ 2,200 ರೂಪಾಯಿಯ ಲೆಕ್ಕದಲ್ಲಿ ನೂರು ರೂಪಾಯಿ ಲಾಸ್, ಒಣಗಿಸುವ ಖರ್ಚು ಬೇರೆ.

ಇನ್ನೂ ಒಂದು ಪೇಚಿದೆ. ಹರಾಜಿನಲ್ಲಿ ಗೆಲ್ಲುವವನು ಮಾಲನ್ನು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು. ಎಷ್ಟೋ ಸಲ ಅದರ ಅರ್ಥ ಎಲ್ಲರಿಗಿಂತ ಹೆಚ್ಚು ತಪ್ಪು ಮಾಡಿದವನೂ ಅವನೇ. ಅರ್ಥಶಾಸ್ತ್ರದವರು ಇದಕ್ಕೆ ಗೆದ್ದವನ ಶಾಪ ಅನ್ನುತ್ತಾರೆ. ಅನುಭವಸ್ಥ ವರ್ತಕನಿಗೆ ಇದು ಗೊತ್ತು. ಆತ ಕಣ್ಣಾರೆ ನೋಡದ ಮಾಲಿಗೆ ಕಮ್ಮಿ ಹಾಕುತ್ತಾನೆ, ಇಲ್ಲಾ ಹಾಕುವುದೇ ಇಲ್ಲ.

ಓಎಲ್‌ಎಕ್ಸ್‌ನಲ್ಲಿ ಹಳೇ ಬೈಕ್ ಮಾರಲು ಹೋದವರಿಗೆ ಈ ಕಷ್ಟ ಗೊತ್ತಿರುತ್ತದೆ. ನಿಮ್ಮ ಬೈಕ್ ಚೆನ್ನಾಗಿದೆ ಅಂತ ನಿಮಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆತ ಸರಾಸರಿ ಬೈಕಿನ ಬೆಲೆ ಹೇಳುತ್ತಾನೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಕೊಟ್ಟು ಇದನ್ನೇ ಬರೆದರು. ಒಣಗಿಸಿದ ಜೋಳಕ್ಕೂ ಹಸಿ ಜೋಳಕ್ಕೂ ಒಂದೇ ರೇಟು ಬರುವುದು ಹೀಗೆ. ಅಡಿಕೆಯಲ್ಲಂತೂ ಇದು ಇನ್ನೂ ಕಷ್ಟ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬಗೆಗಳಿವೆ, ಒಂದೊಂದರ ಒಳಗೂ ಮತ್ತೆ ಬಣ್ಣ, ಗಾತ್ರ, ಒಣಗಿದ ಹದ. ಅದನ್ನೆಲ್ಲ ಕೈಯಲ್ಲಿ ಆಡಿಸಿ, ಒಡೆದು ನೋಡಬೇಕು. ಸ್ಕ್ರೀನ್ ಮೇಲೆ ಕಾಣಲ್ಲ.

'ಒಪ್ಪಲ್ಲ' ಅನ್ನುವ ಹಕ್ಕು

ರೇಟು ಹಿಡಿಸದಿದ್ದರೆ ಬೇಡ ಅನ್ನಬಹುದು, ನಿಯಮದಲ್ಲೇ ಇದೆ. ಆದರೆ ಬೇಡ ಅಂದರೆ ಲೋಡ್ ಎಲ್ಲಿಡುವುದು? ವಾಪಸ್ ಬಾಡಿಗೆ ಯಾರು ಕೊಡುವುದು? ಮಳೆ ಬಂದರೆ? ಬಿತ್ತನೆ ಕಾಲದಲ್ಲಿ ಮಂಡಿಯಲ್ಲಿ ಮುಂಗಡ ಈಸಿಕೊಂಡಿದ್ದರೆ ಅಲ್ಲಿ ಬೇಡ ಅನ್ನುವ ಬಾಯಿ ಎಲ್ಲಿಂದ ಬರಬೇಕು? ಸಾಫ್ಟ್‌ವೇರಿನಲ್ಲಿ ಆಯ್ಕೆ ಇದೆ, ರೈತನ ಹತ್ತಿರ ಇಲ್ಲ. ನಮ್ಮವನ ಅಪ್ಪನೂ ಅವತ್ತು ಒಪ್ಪಿಯೇ ಬಂದರು. ಸೆಮಿಸ್ಟರ್ ಫೀಸಿನ ಕೊನೇ ದಿನ ಹತ್ತಿರ ಇತ್ತು.

ಹಾಗಾದರೆ ಇದೆಲ್ಲ ದಂಡವೇ?

ಅಲ್ಲ. ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಅವರ ಜೊತೆಯವರು ರೆಮ್ಸ್‌ನ ಮನೋಜ್ ರಾಜನ್ ಜೊತೆ ಸೇರಿ ಕರ್ನಾಟಕದ ಈ ವೇದಿಕೆಯನ್ನೇ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ವೇದಿಕೆ ಬಂದದ್ದರಿಂದ ಭತ್ತದ ಬೆಲೆ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಿಸ್ಟಮ್ ಒಂದೇ, ಫಲ ಬೇರೆ ಬೇರೆ.

ಇದೇ ತಂಡ ಮುಂದೆ ಹರಾಜಿನ ನಿಯಮದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ನೋಡಿತು. 2019ರಿಂದ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಹಂತದ ಹರಾಜು ನಡೆಯಿತು. ಮೊದಲು ಎಂದಿನಂತೆ ಮುಚ್ಚಿದ ಬಿಡ್, ಆಮೇಲೆ ಮುಂದಿರುವ ಕೆಲವರಿಗೆ ಮಾತ್ರ ಏರಿಸಲು ಇನ್ನೊಂದು ಅವಕಾಶ. ಬೆಲೆ ಶೇ 4.7ರಷ್ಟು ಹೆಚ್ಚಿತು. ಹೊಸ ಕಟ್ಟಡ ಕಟ್ಟಲಿಲ್ಲ, ಹೊಸ ವರ್ತಕರನ್ನು ಕರೆತರಲಿಲ್ಲ, ನಿಯಮವನ್ನು ಯೋಚಿಸಿ ಬರೆದರು ಅಷ್ಟೇ.

ನಮ್ಮ ಕೈಲಿ ಏನಾಗುತ್ತದೆ

ಮನೆಯವರಿಗೆ ಒಂದು ಸಹಾಯ ಇವತ್ತೇ ಮಾಡಬಹುದು. ಲೋಡ್ ಹೊರಡುವ ಮುಂಚೆ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಸುತ್ತಲಿನ ಯಾರ್ಡುಗಳ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ನೋಡಿ ಹೇಳಿ. ಅಲ್ಲೇ ಆವಕ ಎಷ್ಟಿದೆ ಅನ್ನುವುದನ್ನೂ ನೋಡಿ.

ಎರಡನೆಯದು ಪ್ರಾಜೆಕ್ಟಿನ ಮಾತು. ಇಸಿಇಯವರೇ, ಕಾಳಿನಲ್ಲಿ ನೀರು ಹೆಚ್ಚಾದಷ್ಟೂ ಅದರ ಡೈಎಲೆಕ್ಟ್ರಿಕ್ ಗುಣ ಬದಲಾಗುತ್ತದೆ, ಕೆಪಾಸಿಟನ್ಸ್ ಅಳೆದು ತೇವಾಂಶ ಹೇಳುವ ಮೀಟರುಗಳು ಕೆಲಸ ಮಾಡುವುದು ಇದರ ಮೇಲೇ. ಲಾಟ್ ನಂಬರಿನ ಜೊತೆ ನಂಬುವಂಥ ಒಂದು ತೇವಾಂಶದ ಅಂಕಿ ಹೋದರೆ ದೂರದ ವರ್ತಕನಿಗೆ ಧೈರ್ಯ ಬರುತ್ತದೆ. ಸಿಎಸ್‌ನವರೇ, ಅಡಿಕೆಯ ಫೋಟೋ ನೋಡಿ ಬಗೆ ವಿಂಗಡಿಸುವ ಕೆಲಸ ನಿಮ್ಮದು. ಫೈನಲ್ ಇಯರ್‌ನಲ್ಲಿ ಇನ್ನೊಂದು ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಇದನ್ನು ಯೋಚಿಸಬಹುದಲ್ಲವೇ?

ಅಪ್ಪನಿಗೆ ನಮ್ಮವನು ಫೋನಿನಲ್ಲಿ ಇಷ್ಟೇ ಹೇಳಿದ: "ದೂರದೋರಿಗೆ ನಮ್ಮ ಜೋಳ ಒಣಗಿದೆ ಅಂತ ಗೊತ್ತಾಗಲ್ಲ ಅಪ್ಪ, ಅದಕ್ಕೇ ಬರಲ್ಲ." ಆ ಕಡೆಯಿಂದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಗೊತ್ತಾಗೋ ಹಂಗೆ ಮಾಡೋಕೆ ನಿಮಗೆ ಆಗಲ್ವೇನೋ?" ಅಂದರು. ಅದಕ್ಕೆ ನಾವಿನ್ನೂ ಉತ್ತರ ಕೊಟ್ಟಿಲ್ಲ.