ಅವಧಿಯ ಗೆರೆ ಮತ್ತು ಪ್ರಜಾಪ್ರಭುತ್ವ

ಆಳುವವರ ಅಧಿಕಾರಕ್ಕೆ ಒಂದು ಕೊನೆಯ ದಿನವುಂಟು, ಆ ದಿನ ಅವರು ಜನರೆದುರು ಬಂದು ನಿಲ್ಲಲೇಬೇಕು ಎಂಬುದು ಪ್ರಜಾಪ್ರಭುತ್ವದ ಜೀವಾಳ. ಸೈನ್ಯವು ರಾಜಧಾನಿಯನ್ನು ಮುತ್ತಿದಾಗ ಮಾತ್ರ ಪ್ರಜಾಪ್ರಭುತ್ವ ಕುಸಿಯುವುದೆಂದು ತಿಳಿಯಲಾಗದು. ಆ ಕೊನೆಯ ದಿನವನ್ನು ಮುಂದೂಡುತ್ತ ಹೋದರೂ ಅದು ಸದ್ದಿಲ್ಲದೆ ಕ್ಷೀಣಿಸುತ್ತದೆ.

ನಮ್ಮ ಸೀಮೆಗೆ ಮತದ ಹಕ್ಕು ತಡವಾಗಿ ದೊರೆತ ಸಂಪತ್ತು. ಸುರಪುರ ಸೀಮೆಯ ಮುದನೂರಿನ ನೇಕಾರ ದಾಸಿಮಯ್ಯನು ಆದ್ಯ ವಚನಕಾರರಲ್ಲೊಬ್ಬನು; ಕಾಯಕಜೀವಿಯ ಮಾತಿಗೆ ಬೆಲೆಯುಂಟೆಂಬುದನ್ನು ಶರಣರು ಎಂದೋ ತೋರಿಸಿಕೊಟ್ಟರು. ಆದರೂ ೧೯೪೮ರ ಸೆಪ್ಟೆಂಬರಿನವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಇಲ್ಲಿನ ರೈತರು, ಕೂಲಿಕಾರರು, ಹೆಣ್ಣುಮಕ್ಕಳು ವಯಸ್ಕ ಮತದಾನದ ಹಕ್ಕನ್ನು ಮೊದಲು ಚಲಾಯಿಸಿದ್ದು ೧೯೫೨ರ ಮಹಾಚುನಾವಣೆಯಲ್ಲಿ.

ಇಂಥ ಹಕ್ಕಿಗೂ ಚ್ಯುತಿ ಬಂದುದುಂಟು. ೧೯೭೫ರ ಜೂನ್ ೨೫ರಂದು ದೇಶದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ೧೯೭೬ರಲ್ಲಿ ಮುಗಿಯಬೇಕಿದ್ದ ಲೋಕಸಭೆಯ ಅವಧಿಯನ್ನು ಶಾಸನದ ಮೂಲಕವೇ ಬೆಳೆಸಲಾಯಿತು. ೧೯೭೭ರ ಮಾರ್ಚ್ ತಿಂಗಳ ಚುನಾವಣೆಯಲ್ಲಿ ದೇಶದ ಮತದಾರರು ಸರಕಾರವನ್ನೇ ಬದಲಿಸಿದರು. ೧೯೭೮ರ ೪೪ನೆಯ ತಿದ್ದುಪಡಿಯು ಆರು ವರ್ಷಕ್ಕೇರಿದ್ದ ಲೋಕಸಭೆಯ ಅವಧಿಯನ್ನು ಮರಳಿ ಐದಕ್ಕೆ ಇಳಿಸಿತು. ತುರ್ತು ಪರಿಸ್ಥಿತಿಯನ್ನು ಸುಲಭವಾಗಿ ಘೋಷಿಸಲು ಬಾರದಂತೆಯೂ ಮಾಡಿತು.

ಅನ್ಯ ದೇಶಗಳ ಅನುಭವವೂ ಇದಕ್ಕೆ ಸಮೀಪದ್ದೇ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ೧೯೭೩ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ೧೯೮೮ರ ಜನಮತಗಣನೆಯಲ್ಲಿ ಜನರು ಸೇನಾಧಿಪತಿಯನ್ನು ತಿರಸ್ಕರಿಸಿದರು. ಆಫ್ರಿಕದ ಸೆನೆಗಲ್ ದೇಶದಲ್ಲಿ ೨೦೨೪ರ ಫೆಬ್ರವರಿಯ ಅಧ್ಯಕ್ಷ ಚುನಾವಣೆಯನ್ನು ಮುಂದೂಡಿದಾಗ ಸಂವಿಧಾನ ಮಂಡಳಿಯು ಅದನ್ನು ರದ್ದುಪಡಿಸಿತು. ಮಾರ್ಚಿಯಲ್ಲಿ ಮತದಾನ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯದ ಅಧ್ಯಕ್ಷರು ಸೇನಾಡಳಿತವನ್ನು ಘೋಷಿಸಿದಾಗ, ಶಾಸಕರು ನಡುರಾತ್ರಿಯಲ್ಲೇ ಸೇರಿ ಅದರ ವಿರುದ್ಧ ಮತ ನೀಡಿದರು. ಒಂದೆಡೆ ಮತದಾರರು, ಒಂದೆಡೆ ನ್ಯಾಯಪೀಠ, ಒಂದೆಡೆ ಶಾಸನಸಭೆ ಪ್ರಜಾಪ್ರಭುತ್ವವನ್ನು ಕಾಯ್ದವು.

ಆದರೆ ಮುಂದೂಡಿಕೆಯು ಮನೆಯ ಹತ್ತಿರವೇ ನಡೆದಾಗ ನಾವು ಅದನ್ನು ಗಮನಿಸುವುದೇ ಇಲ್ಲ. ಪಂಚಾಯತಿಗಳ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂಬುದು ಸಂವಿಧಾನದ ಆಜ್ಞೆ. ಕರ್ನಾಟಕದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯತಿಗಳಿಗೆ ೨೦೧೬ರಲ್ಲಿ ಚುನಾವಣೆ ನಡೆಯಿತು. ೨೦೨೧ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳಿಂದ ಮುಂದೆ ಮೂರು ವರ್ಷ ಕಳೆದರೂ ಮತದಾನವಾಗಲಿಲ್ಲ. ಆಡಳಿತವು ಅಧಿಕಾರಿಗಳ ಕೈಯಲ್ಲಿ ಉಳಿಯಿತು. ಅಧಿಕಾರಿಯು ದಕ್ಷನಿರಬಹುದು, ಆದರೆ ಅವನು ಉತ್ತರ ಹೇಳುವುದು ಮೇಲಿನವರಿಗೆ. ಶಾಲೆಯ ಮಾಡು ಸೋರಿದರೆ, ಕುಡಿಯುವ ನೀರು ನಿಂತರೆ, ಊರವರು ನಿಲ್ಲಿಸಿ ಕೇಳಬಹುದಾದವನು ಚುನಾಯಿತ ಸದಸ್ಯನೊಬ್ಬನೇ.

ವಿದ್ಯಾರ್ಥಿಗಳಿಗೆ ಹದಿನೆಂಟು ತುಂಬಿದಾಗ ಮತದ ಹಕ್ಕು ಬರುತ್ತದೆ. ಅದನ್ನು ಚಲಾಯಿಸುವುದು ಅರ್ಧ ಕರ್ತವ್ಯ. ಚುನಾವಣೆಯ ದಿನ ತಪ್ಪಿದಾಗ, ಅದು ಯಾವ ಪಕ್ಷದ ಸರಕಾರವೇ ಆಗಿರಲಿ, ಏಕೆ ತಪ್ಪಿತೆಂದು ವಿನಯದಿಂದ, ಆದರೆ ಬಿಡದೆ ಕೇಳುವುದು ಉಳಿದರ್ಧ.